ಕೀಲಿಕೈ ಗುರುತಿನ ರೊಟ್ಟಿ

ಅಸಲಿ ಯಾವುದು, ನಕಲಿ ಯಾವುದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು ಇಡೀ ಫೆಜ್ ಪಟ್ಟಣದಲ್ಲಿ ಒಬ್ಬನೇ ಇದ್ದಾನೆ, ಅವನು ನಾನು. ಕಳೆದ ರಜಬ್ ತಿಂಗಳವರೆಗೆ ಹೀಗೆಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಆದರೆ ಓಣಿಗೆ ಓಣಿಯೇ ಆಡಿಕೊಂಡು ನಗುತ್ತಿರುವಾಗ ನಿಮ್ಮೊಬ್ಬರಿಂದ ಮುಚ್ಚಿಟ್ಟು ನಾನು ಉಳಿಸಿಕೊಳ್ಳುವ ಮಾನವಾದರೂ ಎಷ್ಟು?

ನನ್ನ ಹೆಸರು ತುಹಾಮಿ. ಮೇತ್ರ್ ಸ್ಕಲ್ಲಿ ಎಂಬ ವಕೀಲರ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಹಾಯಕ. (ಇಲ್ಲಿ ವಕೀಲರನ್ನು ಮರ್ಯಾದೆಯಿಂದ ಮೇತ್ರ್ ಎನ್ನುತ್ತಾರೆ.) ವಕೀಲರೆಂದರೆ ಕೊಲೆ, ಗೋಡೆ ಜಗಳ, ಗಂಡ ಹೆಂಡಿರ ರಂಪಾಟ ಎಂದುಕೊಳ್ಳಬೇಡಿ. ಅಂಥ ಒರಟು ಕೆಲಸ ನಮ್ಮದಲ್ಲ. ನಮ್ಮದು ಕೃತಿಸ್ವಾಮ್ಯ, ವ್ಯಾಪಾರದ ಗುರುತು, ಒಟ್ಟಿನಲ್ಲಿ ಮನುಷ್ಯನ ಬುದ್ಧಿಯಿಂದ ಹುಟ್ಟಿದ ಸಕಲ ಸ್ವತ್ತಿನ ಕಾವಲು. ಒಬ್ಬನ ಹಾಡನ್ನು ಇನ್ನೊಬ್ಬ ಕ್ಯಾಸೆಟ್ಟಿಗೆ ಹಾಕಿಕೊಂಡನೇ? ನಮ್ಮಲ್ಲಿಗೆ ಬನ್ನಿ. ಎರಡು ಜಿಂಕೆಯ ಗುರುತಿನ ಚಹಾ ಕುಡಿಕೆ ಚೆನ್ನಾಗಿ ಮಾರಾಟವಾಗುತ್ತಿದೆಯೆಂದು ಪಕ್ಕದ ಅಂಗಡಿಯವನು ಮೂರು ಜಿಂಕೆಯ ಕುಡಿಕೆ ಮಾಡಿದನೇ? ಬನ್ನಿ. ಎರಡು ಸಾಬೂನಿನ ಹೊದಿಕೆಗಳನ್ನು ಅಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು ನೋಡಿ, "ಮೇತ್ರ್, ಇದು ನಕಲು" ಎಂದು ಮೊದಲು ಹೇಳುವವನು ನಾನು. ಆಮೇಲೆ ಮೇತ್ರ್ ಸ್ಕಲ್ಲಿ ಅದನ್ನೇ ದೊಡ್ಡ ಮಾತುಗಳಲ್ಲಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. (ದೊಡ್ಡ ಮಾತುಗಳೂ ಹೆಚ್ಚಿನಂಶ ನನ್ನವೇ. ಅದರ ಕೃತಿಸ್ವಾಮ್ಯ ನಾನು ಕೇಳಿಲ್ಲ.)

ಇಂಥ ಮನುಷ್ಯನ ಮನೆಯಲ್ಲೇ ಕಳವಾಯಿತು. ಕದ್ದದ್ದು ರೊಟ್ಟಿಯ ಗುರುತು.

ನಮ್ಮ ಓಣಿಯಲ್ಲಿ ರೊಟ್ಟಿಯ ಹಿಟ್ಟನ್ನು ಮನೆಯಲ್ಲಿ ನಾದುತ್ತಾರೆ, ಬೇಯುವುದು ಮಾತ್ರ ಮೂಲೆಯ ಒಲೆಮನೆಯಲ್ಲಿ. ಬೆಳಗ್ಗೆ ಪ್ರತಿ ಮನೆಯಿಂದಲೂ ಉದ್ದ ಹಲಗೆಯ ಮೇಲೆ ದುಂಡನೆಯ ಹಿಟ್ಟುಗಳು ಹೊರಡುತ್ತವೆ. ಒಲೆಯೊಳಗೆ ನೂರು ರೊಟ್ಟಿ ಒಟ್ಟಿಗೆ ಬೇಯುವಾಗ ಯಾರದು ಯಾರದೆಂದು ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಮನೆಯೂ ತನ್ನ ಗುರುತು ಒತ್ತಿ ಕಳಿಸುತ್ತದೆ. ಚರ್ಮ ಹದಮಾಡುವವರ ಮನೆಯದು ಮುಳ್ಳು ಚಮಚದ ನಾಲ್ಕು ತೂತು. ಪಕ್ಕದ ಮನೆಯ ಲಲ್ಲಾ ತಾಮುದು, ಅಂದರೆ ತಾಮು ಅಮ್ಮನವರದು, ಮೂರು ಬೆರಳಿನ ಕುಳಿ. ನಮ್ಮದು ಕೀಲಿಕೈ. ನನ್ನ ಅಮ್ಮನ ಮದುವೆ ಪೆಟ್ಟಿಗೆಯ ಹಿತ್ತಾಳೆ ಕೀಲಿಕೈ ಅದು. ಅದರ ತಲೆಯನ್ನು ಹಿಟ್ಟಿನ ಮೇಲೆ ಒತ್ತಿದರೆ ಮೂರು ಎಸಳಿನ ಹೂವು ಮೂಡುತ್ತದೆ. ಅಮ್ಮ ನಲವತ್ತು ವರ್ಷ ಆ ಗುರುತಿನ ರೊಟ್ಟಿ ಮಾಡಿದಳು. ಆಮೇಲೆ ಆ ಕೀಲಿಕೈ ನನ್ನ ಹೆಂಡತಿ ಬತೂಲಳ ಕೈಗೆ ಬಂತು.

ಬತೂಲಳ ರೊಟ್ಟಿಯ ಬಗ್ಗೆ ನಾನು ಎಷ್ಟು ಮಾತಾಡಿದ್ದೇನೆಂದರೆ, ಕಚೇರಿಯಲ್ಲಿ ನಾನು ಬಾಯಿ ತೆರೆದರೆ ಜನ ಎದ್ದು ಹೋಗುತ್ತಿದ್ದರು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಸೋಂಪಿನ ಘಮ ಬೇರೆ. ಅರ್ಧ ರೊಟ್ಟಿ ಮೇತ್ರ್ ಸ್ಕಲ್ಲಿಯವರಿಗೂ ಒಯ್ದು ಕೊಡುತ್ತಿದ್ದೆ. ಎಂಟು ವರ್ಷದ ಹಿಂದೆ ಅಮ್ಮ ತೀರಿಹೋಗುವ ಮುಂಚೆ ನನ್ನ ಕೈ ಹಿಡಿದು, "ಸೊಸೆಗೆ ನನ್ನ ಕೈಯ ಹದವೇ ಬಂದಿದೆ ಕಣೋ" ಎಂದಿದ್ದಳು.

ರಜಬ್ ತಿಂಗಳಲ್ಲಿ ಒಲೆಮನೆಯ ಅಲ್ಲಾಲ್ ಮಗಳ ಮದುವೆಗೆಂದು ಮೂರು ದಿನ ಸೆಫ್ರೂಗೆ ಹೋದ. ಒಲೆಯ ಮುಂದೆ ಅವನ ಭಾವಮೈದ ಕುಳಿತ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವಾಗ ನಮ್ಮ ಹಲಗೆ ಎತ್ತಿಕೊಂಡು ಹೋಗುವುದು ನನ್ನ ಕೆಲಸ. ಅವತ್ತೂ ತಂದೆ. ಕೂತೆ. ರೊಟ್ಟಿ ಮುರಿಯಲು ಹೋದೆ. ಮುರಿಯಲಿಲ್ಲ.

"ಏನಿದು?" ಎಂದೆ.

"ರೊಟ್ಟಿ."

"ಹಾಗಂತ ಯಾರು ಹೇಳಿದ್ದು?"

"ಒಂದೊಂದು ದಿನ ಹಿಟ್ಟು ಉಬ್ಬಲ್ಲ. ಸಾರಲ್ಲಿ ನೆನೆಸಿಕೊಂಡು ತಿನ್ನಿ," ಎಂದಳು ಬತೂಲ್. ಮುಖ ಮಾತ್ರ ಆ ಕಡೆಗಿತ್ತು.

"ಆಗಿನಿಂದ ನೆನೆಸ್ತಾ ಇದ್ದೀನಿ. ಸಾರು ಖಾಲಿಯಾಯ್ತು, ಇದು ಹಾಗೇ ಇದೆ."

ಹಲಗೆಯಲ್ಲಿದ್ದ ನಾಲ್ಕು ರೊಟ್ಟಿಗಳಲ್ಲಿ ಎರಡು ಎಂದಿನ ಹಾಗೆ ಸೊಗಸಾಗಿದ್ದವು, ಎರಡು ಹೀಗೆ. ನಾಲ್ಕರ ಮೇಲೂ ಕೀಲಿಕೈ ಹೂವು. ಹತ್ತೊಂಬತ್ತು ವರ್ಷದ ಅನುಭವ ನನ್ನೊಳಗೆ ಎದ್ದು ಕುಳಿತಿತು. ಭೂತಗನ್ನಡಿ ತಂದು ನೋಡಿದೆ.

"ಬತೂಲ್, ಹೆದರಬೇಡ. ಇವೆರಡು ನಿನ್ನವಲ್ಲ."

"ನನ್ನವೇ."

"ಅಲ್ಲ ಅಂದ್ರೆ ಅಲ್ಲ. ಹದಿನಾರು ವರ್ಷ ನಿನ್ನ ರೊಟ್ಟಿ ತಿಂದವನು ನಾನು. ನಿನ್ನ ಕೈ ನನಗೆ ಗೊತ್ತಾಗಲ್ವಾ? ಈ ಓಣಿಯಲ್ಲಿ ಯಾರೋ ನಮ್ಮ ಗುರುತು ಕದ್ದಿದ್ದಾರೆ."

"ಕದ್ದರೆ ಕದ್ದುಕೊಳ್ಳಲಿ ಬಿಡಿ. ಹಿಟ್ಟಿನ ಮೇಲಿನ ಹೂವಿಗೆ ಯಾರಾದರೂ ಜಗಳ ಆಡ್ತಾರಾ?"

ಜಗತ್ತಿನ ಸಕಲ ಕಳ್ಳರೂ ಕೊಬ್ಬಿರುವುದು ಇಂಥ ಉದಾರ ಹೆಂಗಸರಿಂದ ಎಂದು ಅವಳಿಗೆ ತಿಳಿಹೇಳಿದೆ. ಅವಳು ಪಾತ್ರೆಗಳನ್ನು ಎತ್ತಿಕೊಂಡು ಹೋಗಿಬಿಟ್ಟಳು, ಅದೂ ಸದ್ದು ಮಾಡಿಕೊಂಡು.

ಮರುದಿನ ಕಚೇರಿಗೆ ಹೋಗುವ ಮುಂಚೆ ಒಲೆಮನೆಗೆ ಹೋಗಿ, ಗೋಡೆಗೆ ಒರಗಿಸಿದ್ದ ಸೌದೆಯ ಹಿಂದೆ ನಿಂತೆ. ಹಲಗೆಗಳು ಒಂದೊಂದಾಗಿ ಬಂದವು. ಲಲ್ಲಾ ತಾಮು ತನ್ನ ಹಲಗೆ ಇಳಿಸಿ, ಬಟ್ಟೆ ಸರಿಸಿದಳು. ನಾಲ್ಕು ಹಿಟ್ಟು, ನಾಲ್ಕು ಕೀಲಿಕೈ ಹೂವು. ಮೂರು ಬೆರಳಿನ ಕುಳಿ ಒಂದರಲ್ಲೂ ಇಲ್ಲ.

ನನಗೆ ನಿಜವಾಗಿ ದುಃಖವಾಯಿತು. ಲಲ್ಲಾ ತಾಮು ಅಮ್ಮನ ಗೆಳತಿ. ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದವಳು. ಓದು ಬರಹ ಬಾರದು. ಊಜ್ದಾದಲ್ಲಿರುವ ಅವಳ ಅಣ್ಣ ಮೀಲೂದನ ಕಾಗದ ಬಂದಾಗಲೆಲ್ಲ ಗುರುವಾರ ನಮ್ಮ ಮನೆಗೆ ಬರುತ್ತಾಳೆ, ಬತೂಲ್ ಓದಿ ಹೇಳುತ್ತಾಳೆ. ಆದರೆ ಕಾನೂನಿಗೆ ಮೂಗು ಒರೆಸಿದವರು, ಒರೆಸದವರು ಎಂಬ ಭೇದವಿಲ್ಲ.

"ಬೇಡ," ಎಂದಳು ಬತೂಲ್, ನಾನು ಹೇಳಿದ್ದನ್ನು ಕೇಳಿ. "ಕೈ ಮುಗಿದು ಹೇಳ್ತೀನಿ, ಈ ವಿಷಯ ಇಲ್ಲಿಗೇ ಬಿಡಿ."

"ನಿನ್ನ ಹೆಸರು ಹಾಳಾಗ್ತಿದೆ ಮಾರಾಯ್ತಿ. ಆ ಮುದುಕಿ ಕಲ್ಲಿನಂಥ ರೊಟ್ಟಿ ಮಾಡಿ ನಿನ್ನ ಗುರುತು ಒತ್ತುತ್ತಾಳೆ."

"ನನ್ನ ಹೆಸರು ತಾನೆ? ಹಾಳಾಗಲಿ."

"ನಿನ್ನದು ಮಾತ್ರ ಅಲ್ಲ. ಅಮ್ಮನದು."

ಅಷ್ಟಕ್ಕೆ ಅವಳು ಎದ್ದು ಒಳಗೆ ಹೋದಳು. ವಾದದಲ್ಲಿ ಗೆದ್ದೆ ಎಂದುಕೊಂಡೆ.

ಅವತ್ತು ಮೇತ್ರ್ ಸ್ಕಲ್ಲಿ ರಬಾತಿಗೆ ಹೋಗಿದ್ದರು. ಕಚೇರಿಯ ಮೊಹರು ಅವರ ಮೇಜಿನ ಖಾನೆಯಲ್ಲಿತ್ತು, ಖಾನೆಯ ಕೀಲಿ ನನ್ನ ಹತ್ತಿರವಿತ್ತು. ಒಂದು ನೋಟೀಸು ಟೈಪ್ ಮಾಡಿದೆ. ನನ್ನ ಜೀವಮಾನದಲ್ಲೇ ಅದಕ್ಕಿಂತ ಸೊಗಸಾದ ನೋಟೀಸು ಬರೆದಿಲ್ಲ. "ನಮ್ಮ ಕಕ್ಷಿದಾರರ ಕುಟುಂಬವು ಅರ್ಧ ಶತಮಾನದಿಂದ ನಿರಂತರವಾಗಿ ಬಳಸುತ್ತ ಬಂದಿರುವ ತ್ರಿದಳ ಪುಷ್ಪ ಮುದ್ರೆಯನ್ನು ತಾವು ಕಪಟದಿಂದ ಅನುಕರಿಸಿ, ಕೀಳು ದರ್ಜೆಯ ಸರಕಿನ ಮೇಲೆ ಒತ್ತಿ, ಭಕ್ಷಕ ಸಮುದಾಯದಲ್ಲಿ ಗೊಂದಲ ಉಂಟುಮಾಡುವ ದುರುದ್ದೇಶದಿಂದ..." ಹೀಗೆ ಎರಡು ಪುಟ. ಕೂಡಲೇ ನಿಲ್ಲಿಸತಕ್ಕದ್ದು, ಮುದ್ರೆ ಒತ್ತುವ ಉಪಕರಣವನ್ನು ಒಪ್ಪಿಸತಕ್ಕದ್ದು. ಮೊಹರು ಒತ್ತಿದೆ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ನನ್ನ ಬಾಗಿಲಿನ ಪಕ್ಕದ ಬಾಗಿಲಿಗೆ ಅದು ಎರಡು ದಿನ ಪ್ರಯಾಣ ಮಾಡಿ ತಲುಪಿತು.

ಗುರುವಾರ. ನಾನು ಊಟಕ್ಕೆ ಕೂತಿದ್ದೆ. ಲಲ್ಲಾ ತಾಮು ಕೋಲು ಊರಿಕೊಂಡು ಬಂದು ನಮ್ಮ ಮೇಜಿನ ಬಳಿ ದಿಂಬಿಗೆ ಒರಗಿದಳು. ಕೈಯಲ್ಲಿ ಎರಡು ಲಕೋಟೆ.

"ಬತೂಲ್, ಮಗಳೇ, ಇವತ್ತು ಎರಡು ಕಾಗದ ಬಂದಿದೆ. ಮೊದಲು ಅಣ್ಣಂದು ಓದು."

ಬತೂಲ್ ಲಕೋಟೆ ಒಡೆದು ಓದತೊಡಗಿದಳು. "ನನ್ನ ಪ್ರೀತಿಯ ತಂಗಿ ತಾಮು, ನಿನ್ನ ಮಂಡಿ ನೋವು ಹೇಗಿದೆ? ಇಲ್ಲಿ ಬಾದಾಮಿ ಗಿಡ ಹೂ ಬಿಟ್ಟಿದೆ. ಅದನ್ನ ನೋಡಿದಾಗ ನಾವಿಬ್ಬರೂ ಚಿಕ್ಕವರಿದ್ದಾಗ ಮಾಳಿಗೆ ಮೇಲೆ ಬಾದಾಮಿ ಒಣಗಿಸ್ತಿದ್ದಿದ್ದು ನೆನಪಾಗುತ್ತೆ. ನಿನ್ನಂಥ ತಂಗಿ ಎಷ್ಟು ಜನಕ್ಕೆ ಸಿಗ್ತಾಳೆ..." ಲಲ್ಲಾ ತಾಮು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮೀಲೂದ್ ಊಜ್ದಾದ ಅಂಚೆ ಕಚೇರಿಯಲ್ಲಿ ತಂತಿ ಗುಮಾಸ್ತನಾಗಿದ್ದು ನಿವೃತ್ತನಾದವನು. ತಂತಿ ಕಳಿಸಿ ಕಳಿಸಿ ಒಣಗಿದ ಮನುಷ್ಯ ಇಷ್ಟು ಹಸಿಯಾಗಿ ಬರೆಯುತ್ತಾನಲ್ಲ ಎಂದು ಬೆರಗಾಗಿ ಬತೂಲಳ ಭುಜದ ಮೇಲಿಂದ ಇಣುಕಿದೆ.

ಕಾಗದದಲ್ಲಿ ಇದ್ದದ್ದು ಇಷ್ಟು: "ಕ್ಷೇಮ. ಎರಡು ಹಲ್ಲು ಕಿತ್ತರು. ನೀನೂ ಕ್ಷೇಮವಾಗಿರು. ಮೀಲೂದ್."

ಹತ್ತೊಂಬತ್ತು ವರ್ಷದ ವೃತ್ತಿ ಸುಮ್ಮನೆ ಬಿಡುತ್ತದೆಯೇ? ಪರರ ಹೆಸರಿನಲ್ಲಿ ಸ್ವಂತ ಕೃತಿಯನ್ನು ಪ್ರಕಟಿಸುವುದು ಎಷ್ಟನೇ ಕಲಮಿನ ಪ್ರಕಾರ ಅಪರಾಧವೆಂದು ನನ್ನ ನಾಲಿಗೆ ತುದಿಗೆ ಬಂತು. "ಬಾದಾಮಿ ಎಲ್ಲಿದೆ..." ಎನ್ನುವಷ್ಟರಲ್ಲಿ ಮೇಜಿನ ಕೆಳಗೆ ಬತೂಲಳ ಹಿಮ್ಮಡಿ ನನ್ನ ಹೆಬ್ಬೆರಳಿನ ಮೇಲೆ ಇಳಿಯಿತು. "ಬಾದಾಮಿ ಎಲ್ಲಿ ಸಿಗುತ್ತೋ ಈಗ," ಎಂದು ಮುಗಿಸಿದೆ.

"ಇನ್ನೊಂದು ಓದು," ಎಂದಳು ಲಲ್ಲಾ ತಾಮು, ಕಣ್ಣೊರೆಸಿಕೊಂಡು.

ಬತೂಲ್ ಎರಡನೆಯ ಲಕೋಟೆ ಒಡೆದಳು. ಮೊಹರು ನೋಡಿದಳು. ಕೆಳಗಿನ ತನಕ ಕಣ್ಣು ಹಾಯಿಸಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಒಳಗೊಳಗೇ ಬೇಡಿಕೊಂಡೆ: ತಾಯಿ, ಈಗ ಬೇಕಾದ್ದು ಸೇರಿಸು. ಬಾದಾಮಿ ಹೂವು ಸೇರಿಸು, ಮಂಡಿ ನೋವು ಸೇರಿಸು, ನನ್ನ ಕೃತಿಯನ್ನು ತಿದ್ದಲು ನಿನಗೆ ಸರ್ವಾಧಿಕಾರ ಕೊಟ್ಟಿದ್ದೇನೆ.

ಅವಳು ಒಂದಕ್ಷರ ಬಿಡದೆ ಓದಿದಳು. ಅಲ್ಪವಿರಾಮ ಬಂದಲ್ಲಿ ನಿಂತು ಓದಿದಳು. "ಕಪಟದಿಂದ" ಎನ್ನುವುದನ್ನು ಎರಡು ಸಲ ಓದಿದಳು.

"ಹಾಗಂದ್ರೆ ಏನು ಮಗಳೇ?"

"ನೀವು ಕಳ್ಳಿ ಅಂತ, ಲಲ್ಲಾ. ನಮ್ಮ ಮನೆ ಗುರುತು ಕದ್ದು ಕೆಟ್ಟ ರೊಟ್ಟಿ ಮೇಲೆ ಒತ್ತಿದ್ದೀರಂತೆ."

"ಬರೆದವರು ಯಾರು?"

"ಅಲ್ಲಿ ಕೂತು ಊಟ ಮಾಡ್ತಿದ್ದಾರಲ್ಲ, ಅವರೇ."

ಲಲ್ಲಾ ತಾಮು ನನ್ನನ್ನು ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು.

"ಇನ್ನು ಮುಚ್ಚಿಡೋದು ಏನಿದೆ," ಎಂದು ಬತೂಲ್ ಕಾಗದ ಕೆಳಗಿಟ್ಟಳು. "ಕೇಳಿ. ಆ ಕಲ್ಲಿನಂಥ ರೊಟ್ಟಿ ನನ್ನದು. ಹದಿನಾರು ವರ್ಷದಿಂದ ನೀವು ಹೊಗಳಿಕೊಂಡು ತಿಂತಿರೋದು ಲಲ್ಲಾ ಮಾಡಿದ್ದು. ಮದುವೆಯಾಗಿ ಬಂದಾಗ ನನಗೆ ನಾದೋಕೆ ಬರ್ತಿರಲಿಲ್ಲ. ಕಲಿತೆ, ಆದರೂ ಬರಲಿಲ್ಲ. ಅತ್ತೆ ಒಂದು ದಿನ ನನ್ನ ರೊಟ್ಟಿ ತಿಂದು ಏನೂ ಹೇಳದೆ ಎದ್ದು ಹೋದರು, ನಾನು ಮಾಳಿಗೆ ಮೇಲೆ ಕೂತು ಅತ್ತುಬಿಟ್ಟೆ. ಲಲ್ಲಾ ನೋಡಿದರು. ಮಾರನೇ ದಿನದಿಂದ ತಮ್ಮ ರೊಟ್ಟಿಗೆ ನಮ್ಮ ಗುರುತು ಒತ್ತಿ ಕಳಿಸಿದರು. ಅಲ್ಲಾಲ್ ಇವರದನ್ನ ನಮ್ಮ ಹಲಗೆಗೆ ಇಡ್ತಾನೆ, ನನ್ನದನ್ನ ಇವರ ಹಲಗೆಗೆ. ಅವನ ಭಾವಮೈದನಿಗೆ ಇದು ಗೊತ್ತಿರಲಿಲ್ಲ, ಬೆರೆಸಿಬಿಟ್ಟ. ನೀವು ಹೊಗಳಿದಾಗಲೆಲ್ಲ ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋಗ್ತಿದ್ದೆ, ಗೊತ್ತಾ?"

"ಹಾಗಾದರೆ ನಿನ್ನ ರೊಟ್ಟಿ ತಿಂದವರು...?"

"ನಾನೇ," ಎಂದಳು ಲಲ್ಲಾ ತಾಮು. "ಸಾರಲ್ಲಿ ರಾತ್ರಿಯೆಲ್ಲ ನೆನೆಸಿಟ್ಟರೆ ತಿನ್ನಬಹುದು. ಮೊದಲು ನನಗೂ ಹಲ್ಲಿತ್ತು ಮಗಾ."

ನಾನು ಸುಮ್ಮನಿರಬೇಕಿತ್ತು. ಆದರೆ ಸೋತ ವಕೀಲಿಕೆಗೂ ಕೊನೆಯದೊಂದು ಪ್ರಶ್ನೆ ಇರುತ್ತದೆ. "ಆ ಕೀಲಿಕೈ ಎಲ್ಲಿಂದ ಬಂತು?" ಎಂದೆ.

"ಬೀಗದವನ ಹತ್ತಿರ ಅಚ್ಚು ಕೊಟ್ಟು ಮಾಡಿಸಿದರಂತೆ," ಎಂದಳು ಬತೂಲ್.

ಲಲ್ಲಾ ತಾಮು ಕುತ್ತಿಗೆಯ ದಾರ ಹೊರಗೆಳೆದಳು. ದಾರದ ತುದಿಯಲ್ಲಿ ಹಿತ್ತಾಳೆ ಕೀಲಿಕೈ, ಸವೆದ ಮೂರು ಎಸಳು. ಅಮ್ಮನ ಪೆಟ್ಟಿಗೆಗೆ ಎರಡು ಕೀಲಿಕೈ ಇದ್ದವು, ಒಂದು ಕಳೆದುಹೋಯಿತೆಂದು ಅಮ್ಮ ಹೇಳಿದ್ದು ನನಗೆ ನೆನಪಾಯಿತು.

"ನಿನಗೆ ಸುಳ್ಳು ಹೇಳಿದ್ದೆ ಮಗಳೇ. ಬೀಗದವನೂ ಇಲ್ಲ, ಅಚ್ಚೂ ಇಲ್ಲ. ಇವನ ಅಮ್ಮನೇ ತಂದುಕೊಟ್ಟಳು. 'ತಾಮು, ಹುಡುಗಿ ಅಳ್ತಾ ಇದ್ದಾಳೆ, ನಾನು ಹೇಳಿಕೊಡೋಕೆ ಹೋದರೆ ಇನ್ನೂ ಅಳ್ತಾಳೆ. ನೀನೇ ಏನಾದರೂ ಮಾಡು, ನನಗೆ ಗೊತ್ತು ಅಂತ ಮಾತ್ರ ಅವಳಿಗೆ ತಿಳಿಯಬಾರದು' ಅಂದಳು."

ಬತೂಲ್ ಲಲ್ಲಾಳ ಕೈ ಹಿಡಿದಳು. "ಅತ್ತೆಗೆ ಗೊತ್ತಿತ್ತಾ? ಕೊನೇ ತನಕ?" ಎಂದು ಕೇಳಿದಳು. ಕೇಳಿ, ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ನನಗೂ ಅಳು ಬಂತು, ಆದರೆ ಆ ಕೋಣೆಯಲ್ಲಿ ಅಳುವ ಹಕ್ಕು ನನಗಿರಲಿಲ್ಲ.

ಲಲ್ಲಾ ತಾಮು ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟಳು. "ನಿನ್ನ ಅಮ್ಮ ಬಾಯಿ ಮಾತಲ್ಲಿ ಕೊಟ್ಟಿದ್ದು, ನೀನು ಮೊಹರು ಹಾಕಿ ವಾಪಸು ಕೇಳ್ತಿದ್ದೀಯ. ತಗೋ. ಮೊಹರಿನ ಕಾಗದಕ್ಕೆ ಎದುರಾಡೋಳಲ್ಲ ನಾನು. ನಾಳೆಯಿಂದ ನನ್ನದು ಮೂರು ಬೆರಳೇ." ಕೋಲು ಊರಿಕೊಂಡು ಹೊರಟುಹೋದಳು.

ಕಾನೂನು ಗೆದ್ದಿತು. ಶುಕ್ರವಾರದಿಂದ ನಮ್ಮ ಹಲಗೆಯಲ್ಲಿ ನೂರಕ್ಕೆ ನೂರು ಅಸಲಿ ಮಾಲು ಬರತೊಡಗಿತು. ಮೊದಲ ದಿನ ಚಾಕು ಬಾಗಿತು. ಎರಡನೇ ದಿನ ಅರ್ಧ ರೊಟ್ಟಿ ಮೇತ್ರ್ ಸ್ಕಲ್ಲಿಯವರಿಗೆ ಕೊಟ್ಟೆ. ಅವರು ಅದನ್ನು ಗಾಳಿಗೆ ಹಾರುವ ಕಾಗದಗಳ ಮೇಲಿಟ್ಟರು, ತಮಾಷೆಗಲ್ಲ, ಅದಕ್ಕೇ ತಂದದ್ದೆಂದು ತಿಳಿದು. ಮೂರನೇ ದಿನ ನನ್ನ ಬಲದವಡೆ ಮುಷ್ಕರ ಹೂಡಿತು. ಬತೂಲ್ ಎದುರಿಗೆ ಕೂತು ನಾನು ಅಗಿಯುವುದನ್ನು ನೋಡುತ್ತಿದ್ದಳು, ಅಷ್ಟೇ. ಅವಳೂ ಅದನ್ನೇ ಅಗಿಯುತ್ತಿದ್ದಳು. ದವಡೆಗಿಂತ ಹೆಚ್ಚು ನೋಯುತ್ತಿದ್ದದ್ದು ಪಕ್ಕದ ಮನೆಯ ಬಾಗಿಲು. ನಾನು ಹಾದುಹೋಗುವಾಗ ಅದು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

ನಾಲ್ಕನೇ ದಿನ ಆ ಬಾಗಿಲು ತಟ್ಟಿದೆ.

"ಲಲ್ಲಾ, ತಪ್ಪಾಯ್ತು. ಕೀಲಿಕೈ ತಗೊಳ್ಳಿ."

"ಬಾಯಿ ಮಾತು ನಂಬೋ ಕಾಲ ಹೋಯ್ತಪ್ಪ," ಎಂದಳು ಒಳಗಿನಿಂದ. "ಕಾಗದ ತಗೊಂಡು ಬಾ. ಮೊಹರಿರಲಿ."

ಮತ್ತೆ ಮೇಜಿನ ಖಾನೆ, ಮತ್ತೆ ಮೊಹರು. ಪರವಾನಗಿ ಪತ್ರವೊಂದನ್ನು ಟೈಪ್ ಮಾಡಿದೆ. ತ್ರಿದಳ ಪುಷ್ಪ ಮುದ್ರೆಯನ್ನು ಲಲ್ಲಾ ತಾಮು ಅವರು ಯಾವ ಹಿಟ್ಟಿನ ಮೇಲೆ ಬೇಕಾದರೂ, ಜೀವಮಾನ ಪೂರ್ತಿ, ಉಚಿತವಾಗಿ, ಭೂಮಂಡಲದ ಯಾವ ಭಾಗದಲ್ಲಾದರೂ ಒತ್ತಬಹುದು. ಐದೇ ಸಾಲು. ಅವಳನ್ನು ಮನೆಗೆ ಕರೆತಂದು ಕೂರಿಸಿ, ಕಾಗದವನ್ನು ಬತೂಲಳ ಕೈಗೆ ಕೊಟ್ಟೆ. ಇದೇ ನಾನು ಮಾಡಿದ ದೊಡ್ಡ ತಪ್ಪು.

ಬತೂಲ್ ಐದು ಸಾಲು ಓದಿದಳು. ನಿಲ್ಲಿಸಲಿಲ್ಲ.

"ಷರತ್ತು ಒಂದು: ಈ ಮನೆಯ ಯಜಮಾನ ದಿನಾ ಬೆಳಗ್ಗೆ ಎರಡೂ ಮನೆಯ ಹಲಗೆಗಳನ್ನ ಒಲೆಮನೆಗೆ ತಲೆ ಮೇಲೆ ಹೊತ್ತು ಒಯ್ಯತಕ್ಕದ್ದು, ಮಧ್ಯಾಹ್ನ ಹೊತ್ತು ತರತಕ್ಕದ್ದು."

ನಾನು ಬಾಯಿ ತೆರೆದೆ. ಬತೂಲ್ ಕಾಗದದ ಮೇಲಿಂದ ಒಮ್ಮೆ ನೋಡಿದಳು. ನನಗೆ ತಕ್ಷಣ ಅರ್ಥವಾಯಿತು. ಅದರಲ್ಲಿ ಹಾಗೆ ಬರೆದಿಲ್ಲ ಎಂದು ನಾನು ಹೇಳಿದರೆ, ಹದಿನಾರು ವರ್ಷಗಳಿಂದ ಬಂದ ಮೀಲೂದನ ಕಾಗದಗಳಲ್ಲಿ ಏನು ಬರೆದಿತ್ತು ಎಂಬ ಪ್ರಶ್ನೆ ಏಳುತ್ತದೆ. ಬಾಯಿ ಮುಚ್ಚಿದೆ.

"ಷರತ್ತು ಎರಡು: ಹೆಂಡತಿ ನಾದೋದು ಬಿಡಲ್ಲ. ಅವಳು ಮಾಡಿದ ರೊಟ್ಟಿಯಲ್ಲಿ ದಿನಕ್ಕೆ ಒಂದನ್ನ ಯಜಮಾನ ಮುಖ ಕಿವುಚದೆ ತಿನ್ನತಕ್ಕದ್ದು."

"ಒಳ್ಳೇ ಷರತ್ತು," ಎಂದು ಲಲ್ಲಾ ತಾಮು ತಲೆದೂಗಿದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಶುಕ್ರವಾರ ನನ್ನ ಮೆಟ್ಟಿಲು ತೊಳೆಯೋ ವಿಷಯ ಕೆಳಗೆ ಎಲ್ಲೋ ಬರೆದಿರಬೇಕು ನೋಡು ಮಗಳೇ. ನೀನು ಹುಡುಕಿದರೆ ಸಿಗುತ್ತೆ. ನಮ್ಮ ಅಣ್ಣನ ಕಾಗದದಲ್ಲಿ ಬಾದಾಮಿ ಹೂವು ಸಿಗಲಿಲ್ವಾ? ಅವನ ಜನ್ಮದಲ್ಲಿ ಗಿಡ ನೋಡಿದವನಲ್ಲ."

ಬತೂಲ್ ಗಾಬರಿಯಿಂದ ತಲೆಯೆತ್ತಿದಳು. ಲಲ್ಲಾ ತಾಮು ಅವಳ ಕೆನ್ನೆ ತಟ್ಟಿದಳು. "ಓದು, ಓದು. ನಿನ್ನ ರೊಟ್ಟಿ ನಾನು ತಿನ್ನಲಿಲ್ವಾ, ಹಾಗೇ ಇದು." ಕೀಲಿಕೈ ದಾರಕ್ಕೆ ಸೇರಿತು, ದಾರ ಕುತ್ತಿಗೆಗೆ ಸೇರಿತು. ಇಬ್ಬರೂ ನಗುತ್ತ ಕೂತರು. ಈಗಲಾದರೂ ಷರತ್ತುಗಳನ್ನು ಅಳಿಸಿಹಾಕಬಹುದಲ್ಲ ಎಂದು ನಾನು ಕೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಮರುದಿನ ಬೆಳಗ್ಗೆ ಎರಡು ಹಲಗೆ ತಲೆಯ ಮೇಲಿಟ್ಟುಕೊಂಡು, "ದಾರಿ ಬಿಡಿ, ದಾರಿ ಬಿಡಿ" ಎಂದು ಕತ್ತೆಗಳ ನಡುವೆ ಹೋಗುತ್ತಿದ್ದೆ. ತಿರುವಿನಲ್ಲಿ ಮೇತ್ರ್ ಸ್ಕಲ್ಲಿ, ಜೊತೆಗೆ ಕಾಸಾಬ್ಲಾಂಕಾದ ದೊಡ್ಡ ಕಕ್ಷಿದಾರ. ಅವರು ನನ್ನನ್ನು ಗುರುತಿಸಲಿಲ್ಲವೆಂದು ನಾನು ಸಂತೋಷಪಟ್ಟೆ. ಗುರುತಿಸಿದ್ದರು. ಕಚೇರಿಯಲ್ಲಿ ಕರೆದು, ಕಡತದಿಂದ ಎರಡು ಪ್ರತಿಗಳನ್ನು ಮುಂದಿಟ್ಟರು. (ಯಾವ ಕಾಗದ ಟೈಪ್ ಮಾಡಿದರೂ ಒಂದು ಪ್ರತಿ ಕಡತಕ್ಕೆ ಸೇರಿಸುವುದು ನನ್ನ ಹತ್ತೊಂಬತ್ತು ವರ್ಷದ ಅಭ್ಯಾಸ.)

"ಸಿ ತುಹಾಮಿ, ಈ ಮೊಹರು ಯಾರದು?" ಎಂದು ಮರ್ಯಾದೆಯಿಂದಲೇ ಕೇಳಿದರು ("ಸಿ" ಎಂದರೆ ಶ್ರೀಯುತ).

"ನಿಮ್ಮದು, ಮೇತ್ರ್."

"ಒತ್ತೋಕೆ ಅನುಮತಿ ಯಾರದು?"

ಈ ಪ್ರಶ್ನೆಯನ್ನು ನಾನೇ ಎಷ್ಟೋ ಜನ ಸಾಬೂನು ಕಳ್ಳರಿಗೆ ಕೇಳಿದ್ದೇನೆ. ಅವರು ಹೇಗೆ ನೆಲ ನೋಡುತ್ತಿದ್ದರೋ ನಾನೂ ಹಾಗೇ ನೋಡಿದೆ.

"ನಿಮಗೊಂದು ನೋಟೀಸು ಕೊಡ್ಬೇಕಾಗುತ್ತೆ," ಎಂದರು. "ಬರ್ಕೊಳ್ಳಿ."

ಸಹಾಯಕ ನಾನೊಬ್ಬನೇ. ಆದ್ದರಿಂದ ನೋಟೀಸನ್ನು ನಾನೇ ಟೈಪ್ ಮಾಡಿದೆ. ಪರರ ಮುದ್ರೆ, ಕಪಟ, ದುರುದ್ದೇಶ, ಎಲ್ಲವೂ ಇತ್ತು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದೂ ಇತ್ತು. ನಾನೇ ಮೊಹರು ಒತ್ತಿದೆ (ಈ ಸಲ ಅನುಮತಿ ಪಡೆದು), ನಾನೇ ಸ್ವೀಕರಿಸಿ ಸಹಿ ಹಾಕಿದೆ.

ಮನೆಗೆ ಬಂದು ಹಲಗೆ ಇಳಿಸಿ, ಆ ಕಾಗದವನ್ನು ಬತೂಲಳಿಗೆ ಕೊಟ್ಟೆ. "ಓದು," ಎಂದೆ. ಅದರಲ್ಲಿ ಏನಿದೆಯೆಂದು ನನಗೆ ಬಾಯಿಪಾಠವಿತ್ತು. ಆದರೂ ಅವಳು ಓದುವುದನ್ನು ಕೇಳಬೇಕೆನಿಸಿತು.

ಅವಳು ಒಮ್ಮೆ ಮೌನವಾಗಿ ಓದಿಕೊಂಡಳು. ನನ್ನ ಮುಖ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡಳು.

"ಪ್ರೀತಿಯ ಸಿ ತುಹಾಮಿ, ಹತ್ತೊಂಬತ್ತು ವರ್ಷ ನಿಮ್ಮಷ್ಟು ನಿಯತ್ತಾಗಿ ಈ ಕಚೇರಿಯಲ್ಲಿ ಯಾರೂ ದುಡಿದಿಲ್ಲ. ತಲೆ ಮೇಲೆ ಹಲಗೆ ನಿಮಗೆ ಚೆನ್ನಾಗಿ ಒಪ್ಪುತ್ತೆ. ನಿಮ್ಮ ಹೆಂಡತಿಗೆ ನನ್ನ ಸಲಾಂ ತಿಳಿಸಿ." ನನ್ನ ಎದೆ ಹಗುರಾಯಿತು. ಅವಳು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. "ಇಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. ರೊಟ್ಟಿ ದಿನಕ್ಕೆ ಒಂದಲ್ಲ, ಎರಡು."

ಆ ಸಾಲು ಅದರಲ್ಲಿ ಇರಲಿಲ್ಲ. ನಾನೇ ಟೈಪ್ ಮಾಡಿದ ಕಾಗದ, ನನಗೆ ಗೊತ್ತಿಲ್ಲವೇ? ಎರಡನ್ನೂ ತಿಂದೆ.